ನೈರೋಬಿಯ ವರದಿ ಹುಡುಕಿಕೊಂಡು ದೆಹಲಿಯಲ್ಲಿ ಹತ್ತೊಂಬತ್ತು ದಿನ

ದೆಹಲಿಯಿಂದ ಬಂದು ಇವತ್ತಿಗೆ ಹತ್ತು ದಿನ. ನೆಗಡಿ ಹೋಯಿತು, ಬಟ್ಟೆ ಒಗೆದಾಯಿತು. ಪೆನ್ಸಿಲ್‌ನಲ್ಲಿ ಬರೆದ ಮೂರು ನೋಟ್‌ಬುಕ್ಕು ಮೇಜಿನ ಮೇಲಿವೆ. ನೆನಪು ಹಸಿಯಾಗಿರುವಾಗಲೇ ಎಲ್ಲ ಬರೆದಿಡೋಣ ಅನ್ನಿಸಿತು. ಯಾಕೆಂದರೆ ಹೊರಡುವ ಮೊದಲು ಇಂಥ ಒಂದು ಬರಹ ಕನ್ನಡದಲ್ಲಿ ಸಿಗುತ್ತದಾ ಎಂದು ತುಂಬಾ ಹುಡುಕಿದ್ದೆ, ಸಿಕ್ಕಿರಲಿಲ್ಲ. ನಮ್ಮ ಹಳೆಯ ರಾಯಭಾರಿಗಳು, ಕಮಿಷನರುಗಳು ತಾವಿದ್ದ ದೇಶದ ರಾಜಕೀಯದ ಬಗ್ಗೆ, ವ್ಯಾಪಾರದ ಬಗ್ಗೆ ಸರ್ಕಾರಕ್ಕೆ ಬರೆದು ಕಳಿಸಿದ ವರದಿಗಳನ್ನು ಓದಬೇಕು ಅಂದುಕೊಂಡವರಿಗೆ ಇದು ಉಪಯೋಗಕ್ಕೆ ಬರಲಿ.

ನನಗೆ ಇದರ ಹುಚ್ಚು ಹತ್ತಿದ್ದು ಹಂಚಿನಿಂದ. ನನ್ನ ಅಜ್ಜ, ಅಮ್ಮನ ಅಪ್ಪ, ನೇತ್ರಾವತಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಜೇಡಿಮಣ್ಣು, ಅಚ್ಚು, ಭಟ್ಟಿ, ಇಷ್ಟೇ ಅವರ ಲೋಕ. ಊಟ ಆದಮೇಲೆ ಎಲೆ ಅಡಿಕೆ ಹಾಕಿಕೊಂಡು, "ಈ ಹಂಚು ಮೊಂಬಾಸಕ್ಕೂ ಹೋಗಿದೆ" ಅನ್ನುತ್ತಿದ್ದರು. ಮೊಂಬಾಸ ಎಂದರೆ ಪೂರ್ವ ಆಫ್ರಿಕದ ಕೀನ್ಯಾದ ಬಂದರು. ಸಣ್ಣವರಿದ್ದಾಗ ನಾವು ಅದನ್ನು ಕಥೆ ಅಂತಲೇ ತಿಳಿದಿದ್ದೆವು. ದೊಡ್ಡವಳಾದ ಮೇಲೆ ಓದಿದಾಗ ಗೊತ್ತಾಯಿತು, ಅಜ್ಜ ಹೇಳಿದ್ದು ನಿಜವೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೂರೇ ವರ್ಷದಲ್ಲಿ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಅವರ ಕಾರ್ಖಾನೆ ಬಂತು. ಆಮೇಲೆ ಮಂಗಳೂರು ಹಂಚು ಸಿಲೋನಿಗೆ, ಏಡನ್ನಿಗೆ, ಪೂರ್ವ ಆಫ್ರಿಕದ ಕರಾವಳಿಗೆ ಹೋಯಿತು. ಈ ಹಂಚಿನ ದಾರಿಯ ಮೇಲೆ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ.

ಕಾರ್ಖಾನೆ ಕಡೆಯ ವಿಷಯ ಇಲ್ಲೇ ಸಿಕ್ಕಿತು. ಆಚೆ ದಡದ, ಅಂದರೆ ಪೂರ್ವ ಆಫ್ರಿಕದ ವಿಷಯ ಸಿಗಲಿಲ್ಲ. ನನಗೆ ಪಾಠ ಹೇಳಿದ್ದ ಇತಿಹಾಸದ ಮೇಷ್ಟ್ರ ಮನೆಗೆ ಹೋಗಿ ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಬರೀ ಬಂದರಿನ ಲೆಕ್ಕ ನೋಡಿದ್ರೆ ಎಂಥದೂ ಗೊತ್ತಾಗುವುದಿಲ್ಲ ಮಾರಾಯ್ತಿ. ಅಲ್ಲಿ ನಮ್ಮ ಸರ್ಕಾರದವರು ಒಬ್ಬರು ಕೂತಿದ್ದರಲ್ಲ, ಅವರು ತಿಂಗಳು ತಿಂಗಳು ಕಾಗದ ಬರೆಯಬೇಕಿತ್ತು. ಅದನ್ನು ಓದು" ಅಂದರು. "ಎಲ್ಲಿ ಸಿಗ್ತದೆ ಸರ್?" ಅಂದೆ. "ದೆಹಲಿಯಲ್ಲಿ ಉಂಟು. ಆದರೆ ಒಂದೇ ಕಡೆ ಇಲ್ಲ" ಅಂದರು. ಆ ಕೊನೆಯ ಮಾತಿನ ತೂಕ ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಮೊದಲ ಅಡ್ಡಿ ಮನೆ ಬಾಗಿಲಲ್ಲೇ ಎದುರಾಯಿತು. ದಾಖಲೆ ಓದಲು ಪರಿಚಯ ಪತ್ರ ಬೇಕು. ಈ ವ್ಯಕ್ತಿ ಇಂಥ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾರೆ ಎಂದು ಒಂದು ಸಂಸ್ಥೆಯ ಮುಖ್ಯಸ್ಥರು ಲೆಟರ್‌ಹೆಡ್ಡಿನಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಬೇಕು. ನಾನು ಯಾವ ಕಾಲೇಜಿನಲ್ಲೂ ಕೆಲಸದಲ್ಲಿಲ್ಲ. ನಾನು ಓದಿದ ಸಂಸ್ಥೆಗೆ ಅರ್ಜಿ ಕೊಟ್ಟೆ. ಒಂದು ಪುಟದ ಪತ್ರಕ್ಕೆ ಐದು ವಾರ ಹಿಡಿಯಿತು. ಒಮ್ಮೆ ಸಹಿ ಹಾಕುವವರು ರಜೆ, ಒಮ್ಮೆ ಅರ್ಜಿಯೇ ಮೇಜಿನಿಂದ ಮೇಜಿಗೆ ಹೋಗಿ ಕಾಣೆ. ನಾಲ್ಕನೇ ಸಲ ಹೋದಾಗ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಕೊನೆಗೆ ಪತ್ರ ಬಂದಾಗ ಅದರಲ್ಲಿ ನನ್ನ ವಿಷಯ "ಮಂಗಳೂರು ಹಂಚಿನ ಇತಿಹಾಸ" ಎಂದಷ್ಟೇ ಇತ್ತು. ಇದನ್ನು ಮತ್ತೆ ತಿದ್ದಿಸಿದೆ. ನೀವೂ ಇದನ್ನು ಗಮನಿಸಿ. ಪತ್ರದಲ್ಲಿ ವಿಷಯ ಅಗಲವಾಗಿರಲಿ: ಯಾವ ದೇಶ, ಯಾವ ವರ್ಷದಿಂದ ಯಾವ ವರ್ಷ, ರಾಜಕೀಯ ಮತ್ತು ವ್ಯಾಪಾರ ಎರಡೂ. ಹಂಚು ಎಂದು ಬರೆಸಿಕೊಂಡು ಹೋಗಿ ಕೀನ್ಯಾದ ತುರ್ತು ಪರಿಸ್ಥಿತಿಯ ವರದಿ ಕೇಳಿದರೆ, ಎದುರಿಗೆ ಕೂತವರಿಗೆ ಗೊಂದಲ ಆಗುವುದು ಸಹಜ ಅಲ್ವಾ. ಮೂಲ ಪ್ರತಿ ಎರಡು ಮಾಡಿಸಿಕೊಳ್ಳಿ. ನನಗೆ ಎರಡು ಕಡೆ ಬೇಕಾಯಿತು.

ಪತ್ರಕ್ಕೆ ಕಾಯುವಾಗ ಮನೆಯಲ್ಲೇ ಅರ್ಧ ಕೆಲಸ ಮಾಡಿಕೊಂಡೆ. ಸರ್ಕಾರದ ಹಳೆಯ ಕಡತಗಳನ್ನು ಇಡುವ ದೆಹಲಿಯ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಕಡತಗಳ ಪಟ್ಟಿ ಹುಡುಕಬಹುದು. ಸ್ಕ್ಯಾನ್ ಆದ ಕಡತವಾದರೆ ಮನೆಯಲ್ಲೇ ಕೂತು ಓದಬಹುದು. ಅದಕ್ಕಾಗಿ ರೈಲು ಹತ್ತುವ ಅಗತ್ಯವೇ ಇಲ್ಲ. ನಾನು ಮೊದಲ ವಾರ "ವಿದೇಶಾಂಗ ಸಚಿವಾಲಯ, ಕೀನ್ಯಾ" ಎಂದು ಹುಡುಕುತ್ತಾ ಕೂತೆ. ಬಂದದ್ದು ಬೆರಳೆಣಿಕೆಯಷ್ಟು. ಇನ್ನೇನು ಕೈಬಿಡಬೇಕು ಅನ್ನುವಷ್ಟರಲ್ಲಿ ಒಂದು ವಿಷಯ ತಲೆಗೆ ಹೊಳೆಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಪ್ರಯಾಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಹೊರದೇಶದಲ್ಲಿ ನೆಲೆಸಿದ ಭಾರತೀಯರ ವಿಷಯ ನೋಡಿಕೊಳ್ಳುವ ಇಲಾಖೆಯ ಹೆಸರು ಮತ್ತೆ ಮತ್ತೆ ಬದಲಾಗಿದೆ. 1941ಕ್ಕೆ ಮುಂಚೆ ಅದು ಶಿಕ್ಷಣ, ಆರೋಗ್ಯ ಮತ್ತು ಭೂಮಿ ಇಲಾಖೆಯ ಸಾಗರೋತ್ತರ ಶಾಖೆಯಲ್ಲಿತ್ತು. ಶಿಕ್ಷಣ ಇಲಾಖೆಯಲ್ಲಿ ಪೂರ್ವ ಆಫ್ರಿಕದ ದ್ವೀಪ ಜಂಜಿಬಾರಿನ ಕಡತ ಇರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ? 1941ರಲ್ಲಿ ಹೊರನಾಡ ಭಾರತೀಯರ ಇಲಾಖೆ ಬೇರೆಯಾಯಿತು. 1944ರಲ್ಲಿ ಅದು ಕಾಮನ್‌ವೆಲ್ತ್ ಸಂಬಂಧಗಳ ಇಲಾಖೆ. ಸ್ವಾತಂತ್ರ್ಯದ ಹೊತ್ತಿಗೆ ವಿದೇಶಾಂಗದ ಜೊತೆ ಸೇರಿತು. ಇದು ರಾಜಕೀಯದ ಕಥೆ. ವ್ಯಾಪಾರ ಪ್ರತಿನಿಧಿಗಳ ವರದಿ ಹೋಗುತ್ತಿದ್ದುದು ವಾಣಿಜ್ಯ ಇಲಾಖೆಗೆ. ಒಂದೇ ದೇಶ, ಒಂದೇ ವರ್ಷ, ಒಂದೇ ಹಡಗಿನಲ್ಲಿ ಬಂದ ಸರಕು. ಆದರೂ ನೈರೋಬಿಯಿಂದ ಬರೆದದ್ದು ಒಂದು ಕಟ್ಟಿನಲ್ಲಿ, ಮೊಂಬಾಸದಿಂದ ಬರೆದದ್ದು ಇನ್ನೊಂದು ಕಟ್ಟಿನಲ್ಲಿ. ಹಾಗಾಗಿ ದೇಶದ ಹೆಸರಿನಿಂದ ಹುಡುಕಬೇಡಿ. ಆ ವರ್ಷ ಆ ವಿಷಯ ಯಾವ ಇಲಾಖೆಯ ಕೈಯಲ್ಲಿತ್ತು ಎಂದು ಮೊದಲು ನೋಡಿ. ಒಂದು ಹಾಳೆಯಲ್ಲಿ ವರ್ಷ, ಇಲಾಖೆ, ಶಾಖೆ ಎಂದು ಗೆರೆ ಹಾಕಿ ಬರೆದುಕೊಳ್ಳಿ. ಐವತ್ತರ ದಶಕಕ್ಕೆ ಬಂದರೆ ವಿದೇಶಾಂಗದ ಆಫ್ರಿಕ ಶಾಖೆಯ ಕಡತ ಸಿಗುತ್ತದೆ, ಪಟ್ಟಿಯಲ್ಲಿ 'ಎ‌ಎಫ್‌ಆರ್' ಎಂದಿರುತ್ತದೆ. ಹೆಸರಿನ ಕಾಗುಣಿತವೂ ಹಳೆಯದೇ ಇರಲಿ. ಟಾಂಜಾನಿಯ ಎಂದರೆ ಸಿಗುವುದಿಲ್ಲ, ಟಾಂಗನಿಕ ಅನ್ನಬೇಕು.

ಜನವರಿ 10ರ ರಾತ್ರಿ ಮಂಗಳೂರು ಜಂಕ್ಷನ್ನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆ. 12ರ ಮಧ್ಯಾಹ್ನ ನಿಜಾಮುದ್ದೀನ್ ತಲುಪಬೇಕಾದ ರೈಲು ಮಂಜಿನಿಂದಾಗಿ ತಲುಪಿದ್ದು ರಾತ್ರಿ ಎಂಟಕ್ಕೆ. ಉತ್ತರದ ಚಳಿ ನನಗೆ ಗೊತ್ತಿರಲಿಲ್ಲ. ಅಮ್ಮ ಒತ್ತಾಯ ಮಾಡಿ ತುರುಕಿದ್ದ ಉಣ್ಣೆ ಶಾಲು ಇಲ್ಲದಿದ್ದರೆ ಆ ರಾತ್ರಿಯೇ ಮಲಗಿಬಿಡುತ್ತಿದ್ದೆ.

ಜನವರಿಯಲ್ಲಿ ಹೋಗಬಾರದು ಎಂಬುದಕ್ಕೆ ಇನ್ನೊಂದು ದೊಡ್ಡ ಕಾರಣ ಇದೆ. ಪತ್ರಾಗಾರ ಇರುವುದು ಜನಪಥ್ ಮತ್ತು ಕರ್ತವ್ಯ ಪಥ ಕೂಡುವ ಕಡೆ. ಬ್ರಿಟಿಷ್ ವಾಸ್ತುಶಿಲ್ಪಿ ಲಟ್ಯೆನ್ಸ್ ವಿನ್ಯಾಸದ, ಎತ್ತರದ ಕಂಬಗಳ ಕಟ್ಟಡ. ಗಣರಾಜ್ಯೋತ್ಸವದ ಪರೇಡ್ ಸಾಗುವುದು ಅದರ ಪಕ್ಕದಲ್ಲೇ! ರಿಹರ್ಸಲ್, ಬ್ಯಾರಿಕೇಡು, ಮುಚ್ಚಿದ ರಸ್ತೆ. ಇದು ಶಾಲೆ ಮಕ್ಕಳಿಗೂ ಗೊತ್ತಿರುವ ವಿಷಯ, ನನಗೆ ಟಿಕೆಟ್ ಮಾಡುವಾಗ ಹೊಳೆಯಲೇ ಇಲ್ಲ. 23ರಿಂದ 26ರವರೆಗೆ ನಾಲ್ಕು ದಿನ ಪೂರ್ತಿ ಕೈತಪ್ಪಿತು. ಹತ್ತೊಂಬತ್ತು ದಿನದಲ್ಲಿ ನಾಲ್ಕು ಎಂದರೆ ಎಷ್ಟು ಸಂಕಟ ಎಂದು ಹಣ ಕೂಡಿಟ್ಟು ಹೋದವರಿಗೆ ಗೊತ್ತು. ದಯವಿಟ್ಟು ಜನವರಿಯ ಕೊನೆಯ ಎರಡು ವಾರ ಬಿಟ್ಟು ಹೋಗಿ.

13ರ ಬೆಳಿಗ್ಗೆ ನೋಂದಣಿ. ಪರಿಚಯ ಪತ್ರ, ಆಧಾರ್, ಫೋಟೋ. ಒಳಗೆ ಬ್ಯಾಗ್ ಬಿಡುವುದಿಲ್ಲ. ಪೆನ್ಸಿಲ್, ಲ್ಯಾಪ್‌ಟಾಪ್, ಬಿಡಿ ಹಾಳೆ ಸಾಕು. ಸ್ಲಿಪ್‌ನಲ್ಲಿ ಇಲಾಖೆ, ಶಾಖೆ, ವರ್ಷ, ಕಡತ ಸಂಖ್ಯೆ ಬರೆದು ಕೊಟ್ಟು ಕಾಯಬೇಕು. ಕಾಯುವುದೇ ಇಲ್ಲಿ ದೊಡ್ಡ ಕೆಲಸ. ಮೊದಲ ದಿನ ಸಂಜೆವರೆಗೆ ನನ್ನ ಮೇಜು ಖಾಲಿ. ಸುತ್ತ ಎಲ್ಲರ ಮುಂದೆಯೂ ಹಳದಿ ಕಾಗದದ ರಾಶಿ, ನನ್ನ ಮುಂದೆ ಬರೀ ಮರದ ಹಲಗೆ. ಎರಡನೇ ದಿನ ಆರು ಸ್ಲಿಪ್ ವಾಪಸು ಬಂದವು. ಮೂರರ ಮೇಲೆ 'ಎನ್‌ಟಿ' ಎಂದಿತ್ತು. ಹಾಗೆಂದರೆ ಪಟ್ಟಿಯಲ್ಲಿ ಹೆಸರಿದೆ, ಕಡತ ಮೂಲ ಇಲಾಖೆಯಿಂದ ಇಲ್ಲಿಗೆ ಇನ್ನೂ ಬಂದಿಲ್ಲ. ಎರಡು ಮುಟ್ಟಿದರೆ ಪುಡಿಯಾಗುವಷ್ಟು ಜೀರ್ಣ, ಕೊಡಲಾಗುವುದಿಲ್ಲ. ಒಂದು ನಾನೇ ತಪ್ಪು ಬರೆದಿದ್ದೆ. ಅಷ್ಟು ದೂರದಿಂದ ಬಂದು ಎದೆ ಕುಸಿದಂತಾಯಿತು. ಆದರೆ ಆ ಕೋಣೆಯಲ್ಲಿ ಯಾರದೂ ತಪ್ಪಲ್ಲ ಇದು. ಇದಕ್ಕೆ ಇರುವ ಉಪಾಯ ಒಂದೇ. ಒಂದಕ್ಕೆ ನಾಲ್ಕು ಎಂಬ ಲೆಕ್ಕದಲ್ಲಿ ಕಡತ ಸಂಖ್ಯೆ ಮೊದಲೇ ಬರೆದುಕೊಂಡು ಹೋಗಿ, ದಿನಾ ಬೆಳಿಗ್ಗೆ ಮೊದಲ ಸರದಿಗೇ ಸ್ಲಿಪ್ ಕೊಡಿ.

ಅವತ್ತು ಕೈ ಖಾಲಿ ಇದ್ದಾಗ ಸಿಕ್ಕಿದ್ದು ಅಚ್ಚಾದ ಒಂದು ಹಳೆಯ ವರದಿ. 1934ರಲ್ಲಿ ಜಂಜಿಬಾರ್ ಸರ್ಕಾರ ಲವಂಗದ ವ್ಯಾಪಾರದ ಮೇಲೆ, ಜಮೀನು ಕೈಬದಲಾಗುವುದರ ಮೇಲೆ ಹೊಸ ಕಟ್ಟಳೆ ತಂದಿತು. ಅಲ್ಲಿನ ಭಾರತೀಯ ವ್ಯಾಪಾರಿಗಳಿಗೆ ಇದರಿಂದ ಏನಾಗುತ್ತದೆ ಎಂದು ನೋಡಿ ಬರಲು ಭಾರತ ಸರ್ಕಾರ ಒಬ್ಬ ಐಸಿಎಸ್ ಅಧಿಕಾರಿಯನ್ನು ಕಳಿಸಿತು. ಅವರು ಕೆ.ಪಿ.ಎಸ್. ಮೆನನ್. ಮುಂದೆ ಸ್ವತಂತ್ರ ಭಾರತದ ಮೊದಲ ವಿದೇಶಾಂಗ ಕಾರ್ಯದರ್ಶಿ, ಮಾಸ್ಕೋದಲ್ಲಿ ರಾಯಭಾರಿ ಆದವರು. ಜಂಜಿಬಾರ್ ಲವಂಗಕ್ಕೆ ದೊಡ್ಡ ಗಿರಾಕಿ ಭಾರತವೇ. ಕಟ್ಟಳೆ ಸಡಿಲವಾಗಲಿಲ್ಲ ಎಂದು 1937-38ರಲ್ಲಿ ಕಾಂಗ್ರೆಸ್ಸಿನವರು ಇಲ್ಲಿ ಲವಂಗಕ್ಕೇ ಬಹಿಷ್ಕಾರ ಹಾಕಿದರು. ಕೊನೆಗೆ ಅಲ್ಲಿನ ಸರ್ಕಾರ ಒಪ್ಪಂದಕ್ಕೆ ಬರಬೇಕಾಯಿತು. ನಮ್ಮ ಅಡುಗೆಮನೆಯ ಡಬ್ಬಿಯ ಲವಂಗ ಒಂದು ದ್ವೀಪದ ರಾಜಕೀಯ ಅಲುಗಾಡಿಸಿತ್ತು. ಇದನ್ನು ಓದಿದ ಮೇಲೆ ನಾನು ವ್ಯಾಪಾರದ ಕಡತ, ರಾಜಕೀಯದ ಕಡತ ಎಂದು ಬೇರೆ ಬೇರೆ ದಿನ ಇಟ್ಟುಕೊಂಡಿದ್ದ ಪಟ್ಟಿಯನ್ನು ಅಳಿಸಿ, ವರ್ಷದ ಪ್ರಕಾರ ಒಟ್ಟಿಗೆ ಜೋಡಿಸಿಕೊಂಡೆ.

ಮೂರನೇ ದಿನ ಮಧ್ಯಾಹ್ನ ನೈರೋಬಿಯ ಕಡತ ಬಂತು.

ಅದು ಹೇಗಿತ್ತು ಎಂದು ಹೇಳದೆ ಮುಂದೆ ಹೋಗಲಾರೆ. ರಟ್ಟಿನ ಹೊದಿಕೆ, ಮೂಲೆಯಲ್ಲಿ ದಾರದ ಟ್ಯಾಗು. ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದ, ಕಾರ್ಬನ್ ಪ್ರತಿ. ಟೈಪ್‌ರೈಟರಿನ 'ಒ' ಅಕ್ಷರ ಬಿದ್ದಲ್ಲೆಲ್ಲ ಕಾಗದ ತೂತಾಗಿ, ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತಿತ್ತು. ಒಂದು ಗುಂಡುಪಿನ್ನು ತುಕ್ಕು ಹಿಡಿದು ಉದುರಿಹೋಗಿ, ಅದರ ಆಕಾರ ಮಾತ್ರ ಕಂದು ಗೆರೆಯಾಗಿ ಹತ್ತು ಹಾಳೆಯಲ್ಲೂ ಉಳಿದಿತ್ತು. ಒಂದು ಕಡೆ ನೈರೋಬಿಯಿಂದ ಬಂದ ವರದಿ, ಇನ್ನೊಂದು ಕಡೆ ದೆಹಲಿಯ ಅಧಿಕಾರಿಗಳ ಟಿಪ್ಪಣಿ. ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಎಳೆದ ಗೆರೆ. ಅದನ್ನು ಓದುವಾಗ ಒಂದು ವಿಷಯ ಕಲಿತೆ. ವರದಿ ಮಾತ್ರ ನಕಲು ಮಾಡಿಕೊಂಡು ಬರಬೇಡಿ. ಟಿಪ್ಪಣಿ ಪುಟಗಳನ್ನೂ ಓದಿ. ಅಲ್ಲಿಂದ ಬರೆದವರು ಏನು ಕಂಡರು ಎಂಬುದು ವರದಿಯಲ್ಲಿ, ಇಲ್ಲಿ ಕೂತವರು ಅದನ್ನು ಹೇಗೆ ತಗೊಂಡರು ಎಂಬುದು ಟಿಪ್ಪಣಿಯಲ್ಲಿ ಇರುತ್ತದೆ.

ಬರೆದವರು ಆಪಾ ಪಂತ್. ಇವರ ಬಗ್ಗೆ ಎರಡು ಮಾತು ಹೇಳಬೇಕು. ಔಂಧ್ ಎಂಬ ಸಣ್ಣ ಸಂಸ್ಥಾನದ ರಾಜಕುಮಾರ. 1948ರಲ್ಲಿ, ಮೂವತ್ತೈದು ಮೂವತ್ತಾರರ ಹರೆಯದಲ್ಲಿ, ಬ್ರಿಟಿಷ್ ಪೂರ್ವ ಆಫ್ರಿಕಕ್ಕೆ ಸ್ವತಂತ್ರ ಭಾರತದ ಕಮಿಷನರ್ (ಸರ್ಕಾರದ ಪ್ರತಿನಿಧಿ) ಆಗಿ ನೈರೋಬಿಗೆ ಹೋದರು. ಕೀನ್ಯಾ, ಉಗಾಂಡ, ಟಾಂಗನಿಕ, ಜಂಜಿಬಾರ್ ಎಲ್ಲ ಇವರ ವ್ಯಾಪ್ತಿ. ಸ್ವಾತಂತ್ರ್ಯಕ್ಕೆ ಎಂಟೊಂಬತ್ತು ವರ್ಷ ಮೊದಲೇ ಇವರ ತಂದೆ ಗಾಂಧೀಜಿಯ ಸಲಹೆ ಕೇಳಿ, ರಾಜ್ಯದ ಅಧಿಕಾರವನ್ನು ಹಳ್ಳಿಗರ ಕೈಗೆ ಕೊಡುವ ಪ್ರಯೋಗ ಮಾಡಿದ್ದರು. ಆ ಕೆಲಸಕ್ಕೆ ನೆರವಾದ ಮಾರಿಸ್ ಫ್ರಿಡ್ಮನ್ ಅದಕ್ಕೂ ಮುಂಚೆ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸುತ್ತಿದ್ದ ಪೋಲೆಂಡ್ ಮೂಲದ ಎಂಜಿನಿಯರ್. ಔಂಧ್ ಸಂಸ್ಥಾನದ ಒಂದು ತುಂಡು ವಿಜಾಪುರದ ಕಡೆಯ ಗುಣದಾಳ. ಕನ್ನಡದ ಹಳ್ಳಿಗಳು! ನೈರೋಬಿಯ ವರದಿಗೆ ಸಹಿ ಹಾಕಿದ ಮನುಷ್ಯ ನಮ್ಮ ಗುಣದಾಳವನ್ನೂ ಬಲ್ಲವರು ಎಂದು ಗೊತ್ತಾದಾಗ ನನಗೆ ಯಾರೋ ಊರಿನವರು ಸಿಕ್ಕಷ್ಟು ಸಂತೋಷ ಆಯಿತು.

ಅವರ ಕೆಲಸ ಮಾತ್ರ ಬಹಳ ಕಷ್ಟದ್ದು. ಪೂರ್ವ ಆಫ್ರಿಕದ ಅಂಗಡಿ, ಹತ್ತಿಯ ಜಿನ್ನಿಂಗ್, ಗುಮಾಸ್ತೆ ಕೆಲಸ ಎಲ್ಲದರಲ್ಲೂ ಭಾರತೀಯರಿದ್ದರು. ಗುಜರಾತಿಗಳು, ಪಂಜಾಬಿಗಳು, ಗೋವಾದವರು. ಅವರ ಹಿತ ನೋಡಿಕೊಳ್ಳುವುದು ಕಮಿಷನರ ಕೆಲಸ. ಆದರೆ ನೆಹರೂ ಅವರ ನಿಲುವು ಬೇರೆ: ಅದು ಆಫ್ರಿಕನ್ನರ ನೆಲ, ಅಲ್ಲಿರುವ ಭಾರತೀಯರು ಅವರ ಜೊತೆ ನಿಲ್ಲಬೇಕು, ವಿಶೇಷ ಸವಲತ್ತು ಕೇಳಬಾರದು. ಇನ್ನೊಂದು ಕಡೆ ಬ್ರಿಟಿಷ್ ಗವರ್ನರು. ಅವರನ್ನು ಪೂರ್ತಿ ಎದುರು ಹಾಕಿಕೊಳ್ಳುವ ಹಾಗೂ ಇಲ್ಲ. ದೇಶ ವಿಭಜನೆ ಆದಮೇಲೆ ಪಶ್ಚಿಮ ಪಂಜಾಬ್, ಸಿಂಧ್‌ನ ಹತ್ತಿ ಆಚೆ ಹೋಗಿತ್ತು. ಬೊಂಬಾಯಿಯ ಗಿರಣಿಗಳಿಗೆ ಉಗಾಂಡದ ಹತ್ತಿ ಬೇಕಿತ್ತು. ಹೀಗಾಗಿ ಅಂಗಡಿಯವನಿಗೆ ಧೈರ್ಯ, ಕೀನ್ಯಾದ ಹೋರಾಟಗಾರರಿಗೆ ಸ್ನೇಹ, ಗಿರಣಿಗೆ ಹತ್ತಿ, ಮೂರನ್ನೂ ಒಬ್ಬನೇ ಮನುಷ್ಯ ನೋಡಿಕೊಳ್ಳಬೇಕಿತ್ತು. ಆಫ್ರಿಕದ ವಿದ್ಯಾರ್ಥಿಗಳಿಗೆ ಭಾರತದಲ್ಲಿ ಓದಲು ವಿದ್ಯಾರ್ಥಿವೇತನ ಕೊಡಿಸುವುದು ಪಂತ್ ಮನಸ್ಸಿಟ್ಟು ಮಾಡಿದ ಕೆಲಸ. 1952ರ ಅಕ್ಟೋಬರ್ 20ರಂದು ಬ್ರಿಟಿಷರು ಕೀನ್ಯಾದಲ್ಲಿ ತುರ್ತು ಪರಿಸ್ಥಿತಿ ಹೇರಿ ಹೋರಾಟದ ನಾಯಕ ಜೋಮೊ ಕೆನ್ಯಾಟ್ಟ ಅವರನ್ನು ಹಿಡಿದರು. ಕಪೆಂಗೂರಿಯದಲ್ಲಿ ನಡೆದ ಅವರ ವಿಚಾರಣೆಗೆ ಬ್ರಿಟಿಷ್ ವಕೀಲ ಡಿ.ಎನ್. ಪ್ರಿಟ್ ಜೊತೆ ವಾದಿಸಲು ಭಾರತದಿಂದ ದಿವಾನ್ ಚಮನ್‌ಲಾಲ್ ಹೋದರು. ಪಂತ್ ಅವರ ಮೇಲೆ ಬ್ರಿಟಿಷರ ಸಿಟ್ಟು ಏರುತ್ತಾ ಹೋಗಿ, 1954ರಲ್ಲಿ ಅವರು ನೈರೋಬಿ ಬಿಡಬೇಕಾಯಿತು. ಈ ಕಥೆ ಪುಸ್ತಕಗಳಲ್ಲಿದೆ. ಆದರೆ ಮುಂದೆ ಏನಾಗುತ್ತದೆ ಎಂದು ಗೊತ್ತಿಲ್ಲದೆ, ಆ ತಿಂಗಳ ಆತಂಕದಲ್ಲೇ ಬರೆದ ಕಾಗದ ಓದುವುದೇ ಬೇರೆ. ಕತ್ತಲಾಗಿದ್ದು ನನಗೆ ತಿಳಿಯಲಿಲ್ಲ. ಸಿಬ್ಬಂದಿ ಬಂದು ಮೆಲ್ಲಗೆ "ಮೇಡಂ, ಸಮಯ ಆಯಿತು" ಅಂದರು.

ಪಕ್ಕದ ಮೇಜಿನಲ್ಲಿ ಒಬ್ಬ ವಯಸ್ಸಾದ ಗುಜರಾತಿ ಹಿರಿಯರು ದಿನಾ ಬರುತ್ತಿದ್ದರು. ಅವರ ತಂದೆ ಕೀನ್ಯಾದ ಕಿಸುಮುವಿನಲ್ಲಿ ಅಂಗಡಿ ಇಟ್ಟಿದ್ದವರು. ತಮ್ಮ ಮನೆತನದ ಕಥೆ ಬರೆಯಲು ಬಂದಿದ್ದರು. ಚಹಾ ಕುಡಿಯುವಾಗ ನಾನು ಪಂತ್ ಅವರನ್ನು ಹೊಗಳುತ್ತಿದ್ದೆ. ಅವರು ಕೇಳಿ, "ನೋಡು ಮಗಳೇ, ನಮ್ಮಪ್ಪನಿಗೆ ಅವರ ಮೇಲೆ ಕೋಪವಿತ್ತು. ನಮ್ಮನ್ನು ಕಾಪಾಡಲು ಬಂದವರು ಬೇರೆಯವರ ಮಾತೇ ಆಡ್ತಾರೆ ಅನ್ನುತ್ತಿದ್ದರು. ನನಗೆ ಈಗ ಪಂತ್ ಸರಿ ಅನ್ನಿಸುತ್ತದೆ. ಆದರೆ ಅಪ್ಪನ ಭಯವೂ ಸುಳ್ಳಲ್ಲ" ಅಂದರು. ಅವರು ಹೇಳಿದ್ದನ್ನು ಅವತ್ತೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ವರದಿಯಲ್ಲಿ 'ವ್ಯಾಪಾರಿಗಳು' ಎಂಬ ಒಂದು ಪದ ಬರುವ ಕಡೆಯೆಲ್ಲ ಈಗ ನನಗೆ ಆ ಕಿಸುಮುವಿನ ಅಂಗಡಿ ಕಾಣುತ್ತದೆ.

ಎರಡನೇ ಜಾಗ ತೀನ್ ಮೂರ್ತಿಯ ಪ್ರಧಾನಮಂತ್ರಿಗಳ ಸಂಗ್ರಹಾಲಯ ಮತ್ತು ಗ್ರಂಥಾಲಯ. 2023ರವರೆಗೆ ಅದರ ಹೆಸರು ನೆಹರೂ ಸ್ಮಾರಕ ಎಂದಿತ್ತು. ಆಪಾ ಪಂತ್ ಅವರ ಖಾಸಗಿ ಕಾಗದಗಳು ಅಲ್ಲಿವೆ. ಸರ್ಕಾರಿ ಕಡತದಲ್ಲಿ ಅಳೆದು ತೂಗಿ ಬರೆಯುವ ಮನುಷ್ಯ ಸ್ನೇಹಿತರಿಗೆ ಮನಸ್ಸು ಬಿಚ್ಚಿ ಬರೆದಿರುತ್ತಾನಲ್ಲ, ಅದಕ್ಕೇ ಎರಡೂ ನೋಡಬೇಕು. ಅಲ್ಲಿಗೆ ಬೇರೆ ಅರ್ಜಿ, ಬೇರೆ ಪರಿಚಯ ಪತ್ರ. ಕೆಲವು ಸಂಗ್ರಹಗಳಿಗೆ ಮೊದಲೇ ಅನುಮತಿ ಬೇಕಾಗುತ್ತದೆ, ಹೊರಡುವ ಒಂದು ತಿಂಗಳ ಮುಂಚೆಯೇ ಇಮೇಲ್ ಮಾಡಿ ಕೇಳಿಕೊಳ್ಳಿ. ನಾನು ಇದನ್ನು ಮಾಡದೆ ಹೋಗಿ ಎರಡು ದಿನ ಕಳೆದುಕೊಂಡೆ. ಪರೇಡಿನ ನಾಲ್ಕು ದಿನ ಸೇರಿಸಿದರೆ ಆರು.

ಅಲ್ಲಿ ಓದುವಾಗ ನನಗೆ ಕುತೂಹಲ ಬೆಳೆದದ್ದು ಜೋಸೆಫ್ ಮುರುಂಬಿ ಎಂಬವರ ಬಗ್ಗೆ. ತಂದೆ ಗೋವಾದವರು, ತಾಯಿ ಅಲ್ಲಿನ ಮಸಾಯಿ ಬುಡಕಟ್ಟಿನವರು. 1911ರಲ್ಲಿ ಕೀನ್ಯಾದಲ್ಲಿ ಹುಟ್ಟಿ, ಶಾಲೆ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ! ಕೆನ್ಯಾಟ್ಟ ಜೈಲಿಗೆ ಹೋದಾಗ ಅವರ ಪಕ್ಷದ ಕೆಲಸ ಹೆಗಲಿಗೆ ಹಾಕಿಕೊಂಡು, 1953ರಲ್ಲಿ ದೇಶ ಬಿಟ್ಟು ಭಾರತಕ್ಕೆ ಬಂದು ಕೀನ್ಯಾದ ಪರವಾಗಿ ಮಾತಾಡಿದವರು. ಸ್ವಾತಂತ್ರ್ಯ ಬಂದಮೇಲೆ ವಿದೇಶಾಂಗ ಮಂತ್ರಿ, 1966ರಲ್ಲಿ ಉಪಾಧ್ಯಕ್ಷ. ಅವರು ಕೂಡಿಟ್ಟ ಕಲೆ, ಪುಸ್ತಕಗಳ ಸಂಗ್ರಹ ಇಂದು ನೈರೋಬಿಯಲ್ಲಿ ಕೀನ್ಯಾದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಆ ಕಟ್ಟಡ ಹಿಂದೆ ಬ್ಯಾಂಕ್ ಆಫ್ ಇಂಡಿಯಾದ್ದು. ಬೆಂಗಳೂರಿನಲ್ಲಿ ಅವರ ಹೆಸರು ಎಷ್ಟು ಜನಕ್ಕೆ ಗೊತ್ತಿದೆ? ನಾನು ಕೇಳಿರಲೇ ಇಲ್ಲ. ಯಾರಾದರೂ ಅವರ ಮೇಲೆ ಕನ್ನಡದಲ್ಲಿ ಬರೆಯಲಿ ಎಂದು ಆಸೆ.

ದಾರಿ ತಪ್ಪಿಸುವ ಆಸೆಗಳೂ ತುಂಬಾ ಇರುತ್ತವೆ. ಮಂಗಳೂರಿನ ಬೆನೆಗಲ್ ರಾಮ ರಾವ್ 1938ರಿಂದ 41ರವರೆಗೆ ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು. ಆಮೇಲೆ ಜಪಾನಿನಲ್ಲಿ ಭಾರತದ ಪ್ರತಿನಿಧಿ, ಅಮೆರಿಕದಲ್ಲಿ ರಾಯಭಾರಿ, ರಿಸರ್ವ್ ಬ್ಯಾಂಕ್ ಗವರ್ನರ್. ಅವರ ಕಾಲದ ಕಡತಗಳ ಪಟ್ಟಿ ಕಣ್ಣಿಗೆ ಬಿದ್ದಾಗ ಕೈ ತುರಿಸಿತು. ಸಂಖ್ಯೆ ಮಾತ್ರ ಬರೆದುಕೊಂಡು ಸುಮ್ಮನಾದೆ. ನಿಮ್ಮ ಹತ್ತಿರ ಹದಿನೈದು ದಿನ ಇದ್ದರೆ ಒಂದು ದೇಶ, ಹತ್ತು ವರ್ಷ ಸಾಕು.

ಇನ್ನು ಎನ್‌ಟಿ ಕಡತಗಳಿಗೆ ಏನು ಮಾಡಿದೆ ಎಂದು ಹೇಳುತ್ತೇನೆ. 14ರ ರಾತ್ರಿಯೇ ಲಾಡ್ಜಿನಲ್ಲಿ ಕೂತು ಆನ್‌ಲೈನಿನಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ. ಕಡತದ ಪೂರ್ತಿ ಸಂಖ್ಯೆ, ವರ್ಷ ಬರೆದು, ಅದನ್ನು ನೋಡಲು ಅವಕಾಶ ಅಥವಾ ಪ್ರತಿ ಕೊಡಿ ಎಂದು ಕೇಳಿದೆ. ಇಪ್ಪತ್ತು ವರ್ಷಕ್ಕಿಂತ ಹಳೆಯ ವಿಷಯವಾದರೆ ಕಾಯ್ದೆಯ 8(3)ನೇ ಸೆಕ್ಷನ್ ಪ್ರಕಾರ ತಡೆಹಿಡಿಯುವ ಕಾರಣಗಳು ತುಂಬಾ ಕಡಿಮೆಯಾಗುತ್ತವೆ. ಭದ್ರತೆ, ಹೊರದೇಶದ ಸಂಬಂಧ, ಸಂಸತ್ತಿನ ಹಕ್ಕುಬಾಧ್ಯತೆ, ಸಂಪುಟದ ಕಾಗದ, ಇಂಥವು ಮಾತ್ರ ಉಳಿಯುತ್ತವೆ. ಅರ್ಜಿಯಲ್ಲಿ ಆ ಸೆಕ್ಷನ್ ಬರೆದೇ ಕೊಡಿ. 30 ದಿನದಲ್ಲಿ ಉತ್ತರ ಬರಬೇಕು. ಉತ್ತರ ಸರಿ ಇಲ್ಲದಿದ್ದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ. ನನ್ನ ಅರ್ಜಿಗೆ ಇವತ್ತು 28ನೇ ದಿನ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸ್ಟೇಟಸ್ ನೋಡುತ್ತಿದ್ದೇನೆ.

ದೆಹಲಿಗೆ ಹೋಗಲಾಗದವರಿಗೆ ಒಂದು ಒಳ್ಳೆಯ ದಾರಿ ಇದೆ. ಅಮೆರಿಕದ ನಿವೃತ್ತ ರಾಯಭಾರಿಗಳ ನೆನಪುಗಳನ್ನು ಅಲ್ಲಿನ 'ಎಡಿಎಸ್‌ಟಿ' ಸಂಸ್ಥೆ 1980ರ ದಶಕದಿಂದ ಸಂದರ್ಶನ ಮಾಡಿ ಬರೆದಿಟ್ಟಿದೆ. ದೇಶವಾರು ಜೋಡಿಸಿದ್ದೂ ಇದೆ, ಕೀನ್ಯಾ ಕೂಡ ಉಂಟು. ಬ್ರಿಟಿಷ್ ರಾಯಭಾರಿಗಳದ್ದು ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನಲ್ಲಿದೆ. ಎರಡೂ ಪುಕ್ಕಟೆ, ಮನೆಯಲ್ಲೇ ಓದಬಹುದು. ಪಂತ್ ಅವರೂ ಆಮೇಲೆ ನೆನಪುಗಳನ್ನು ಬರೆದಿದ್ದಾರೆ. ಆದರೆ ಒಂದು ಎಚ್ಚರ ಬೇಕು. ಇವು ಎಷ್ಟೋ ವರ್ಷ ಆದಮೇಲೆ ಹೇಳಿದ ಮಾತು. ಯಾರು ಗೆದ್ದರು ಎಂದು ಗೊತ್ತಾದ ಮೇಲೆ ನೆನಪು ತಾನಾಗಿಯೇ ಸ್ವಲ್ಪ ಹೊರಳುತ್ತದೆ. ಕೆನ್ಯಾಟ್ಟ ಅಧ್ಯಕ್ಷರಾದ ಮೇಲೆ ಅವರನ್ನು ನೆನೆಯುವುದಕ್ಕೂ, ಅವರು ಜೈಲಿನಲ್ಲಿದ್ದಾಗ ಅವರ ಬಗ್ಗೆ ಬರೆಯುವುದಕ್ಕೂ ವ್ಯತ್ಯಾಸ ಇದೆ. ನೆನಪಿನ ಸಂದರ್ಶನ ಓದುವಾಗ, ಅದೇ ತಿಂಗಳ ವರದಿ ಸಿಕ್ಕರೆ ಪಕ್ಕದಲ್ಲಿ ಇಟ್ಟುಕೊಳ್ಳಿ.

ಖರ್ಚಿನ ವಿಷಯ. ರೈಲು ಥರ್ಡ್ ಎಸಿ ಹೋಗಿ ಬರಲು 4,600. ಪಹಾಡ್‌ಗಂಜ್ ಕಡೆ ಲಾಡ್ಜು ದಿನಕ್ಕೆ 1,200ರಂತೆ 18 ರಾತ್ರಿಗೆ 21,600. ಊಟಕ್ಕೆ ಸುಮಾರು 6,000, ಮೆಟ್ರೋ, ಆಟೋ 2,400, ನಕಲು, ನೋಟ್‌ಬುಕ್ಕು ಇತ್ಯಾದಿ 1,900. ಒಟ್ಟು 36,500 ರೂಪಾಯಿ. ಲಾಡ್ಜಿನ ಬದಲು ನೆಂಟರ ಮನೆ ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಅನ್ನ ಸಾರಿಗೆ ಜೀವ ಹೋಗುತ್ತಿದ್ದ ಭಾನುವಾರ ಆರ್.ಕೆ. ಪುರಂನ ಕರ್ನಾಟಕ ಸಂಘದ ಕಟ್ಟಡಕ್ಕೆ ಹೋಗಿ ಉಂಡು ಬಂದೆ. ಅಕ್ಕಪಕ್ಕ ಕನ್ನಡ ಕೇಳಿದ್ದೇ ಅರ್ಧ ಹೊಟ್ಟೆ ತುಂಬಿತು.

ಹಂಚು ಸಿಕ್ಕಿದ್ದು ಕೊನೆಯ ಹಿಂದಿನ ದಿನ. ಮೊಂಬಾಸದಲ್ಲಿದ್ದ ಭಾರತ ಸರ್ಕಾರದ ವ್ಯಾಪಾರ ಪ್ರತಿನಿಧಿಯ ವಾರ್ಷಿಕ ವರದಿ, ವಾಣಿಜ್ಯ ಇಲಾಖೆಯ ಕಟ್ಟಿನಲ್ಲಿತ್ತು. ಭಾರತದಿಂದ ಬಂದ ಸರಕಿನ ಪಟ್ಟಿ ಬೆರಳಿಟ್ಟು ಓದುತ್ತಾ ಹೋದೆ. ಹತ್ತಿ ಬಟ್ಟೆ, ಗೋಣಿಚೀಲ, ಚಹಾ. ಪುಟ ತಿರುಗಿಸಿದರೆ ಮನೆ ಕಟ್ಟುವ ಸಾಮಾನಿನ ನಡುವೆ ಮಂಗಳೂರು ಹಂಚು. ಒಂದೇ ಒಂದು ಸಾಲು. ನಾನು ಬೆರಳು ತೆಗೆಯಲಿಲ್ಲ.

ಸಂಜೆ ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಹಂಚು ಸಿಕ್ಕಿತು. ಮೊಂಬಾಸ ಅಂತಲೇ ಉಂಟು."

"ಅಪ್ಪ ಹೇಳಿದ್ದು ಹೌದಾ ಹಾಗಾದರೆ?"

"ಹೌದಮ್ಮ. ಸರ್ಕಾರದ ಕಾಗದದಲ್ಲೇ ಉಂಟು."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೊಟ್ಟಿಗೆಯ ಮಾಡಿನಿಂದ ಇಳಿಸಿದ ಹಳೇ ಹಂಚು ಬಾವಿಕಟ್ಟೆ ಹತ್ತಿರ ಉಂಟಲ್ಲ, ಮೊನ್ನೆ ಗುಜರಿಯವನು ಕೇಳಿದ್ದ. ಕೊಡುವುದು ಬೇಡ ಅಂತ ಹೇಳ್ತೇನೆ" ಅಂದಳು.